ಮಶೀನು ಆನ್ ಆಗಿದೆ ಅಂತ ಯಾರಿಗೆ ಗೊತ್ತಿತ್ತು?

ಅಪ್ಪ ಆಸ್ಟಿನ್‌ಗೆ ಬಂದು ಮೂರು ವಾರ ಆಗಿತ್ತು. ತೋರಿಸೋಕೆ ಇದ್ದಿದ್ದೆಲ್ಲ ತೋರಿಸಿ ಮುಗಿದಿತ್ತು. ದೇವಸ್ಥಾನ ಆಯ್ತು, ಕ್ಯಾಪಿಟಲ್ ಕಟ್ಟಡ ಆಯ್ತು, ಸಂಜೆ ಹೊತ್ತು ಸೇತುವೆ ಕೆಳಗಿಂದ ಲಕ್ಷಗಟ್ಟಲೆ ಬಾವಲಿಗಳು ಹೊರಡುವುದನ್ನೂ ತೋರಿಸಿದ್ದೆ. ಅದಕ್ಕೆ ಅಪ್ಪ, "ನಮ್ಮೂರ ಆಲದ ಮರದಲ್ಲೂ ಇದಾವೆ, ಅಲ್ಲಿ ಯಾರೂ ಚಾಪೆ ಹಾಸ್ಕೊಂಡು ನೋಡಲ್ಲ" ಅಂದಿದ್ದರು. ಉಳಿದಿದ್ದು ಟೆಕ್ಸಸ್ ಯೂನಿವರ್ಸಿಟಿ ಆವರಣದಲ್ಲಿರುವ ಲಿಂಡನ್ ಜಾನ್ಸನ್ ಲೈಬ್ರರಿ. ಅದರ ಮುಂದೆ ನೂರು ಸಲ ಕಾರಿನಲ್ಲಿ ಹೋಗಿದ್ದೆ, ಒಳಗೆ ಒಂದು ಸಲವೂ ಹೋಗಿರಲಿಲ್ಲ. ಹೊರಗಿಂದ ನೋಡಿದರೆ ಯಾರೋ ದೊಡ್ಡದೊಂದು ಕಲ್ಲಿನ ಪೆಟ್ಟಿಗೆಯನ್ನು ಗುಡ್ಡದ ಮೇಲೆ ಇಟ್ಟು ಮರೆತುಹೋದ ಹಾಗಿದೆ.

ಒಳಗೆ ಮೆಟ್ಟಿಲು ಹತ್ತಿದರೆ ದೊಡ್ಡ ಹಾಲ್. ಎದುರಿಗೆ ಗಾಜಿನ ಹಿಂದೆ, ನಾಲ್ಕು ಅಂತಸ್ತು ಎತ್ತರಕ್ಕೆ, ಕೆಂಪು ಡಬ್ಬಗಳು. ಸಾಲು ಸಾಲು ಕೆಂಪು ಡಬ್ಬ, ಒಂದೊಂದರ ಮೇಲೂ ಚಿನ್ನದ ಬಣ್ಣದ ಮುದ್ರೆ. ಅಮೆರಿಕದ 36ನೇ ಅಧ್ಯಕ್ಷ ಜಾನ್ಸನ್‌ನ ಕಾಗದಪತ್ರ. ಈ ಲೈಬ್ರರಿಯಲ್ಲಿ ಎಲ್ಲ ಸೇರಿ ಸುಮಾರು 4.5 ಕೋಟಿ ಪುಟ ಇವೆ.

ಅಪ್ಪ ತಾಲ್ಲೂಕು ಕಚೇರಿಯಲ್ಲಿ ಮೂವತ್ತು ವರ್ಷ ಗುಮಾಸ್ತರಾಗಿದ್ದವರು. ರೆಕಾರ್ಡ್ ರೂಮು ಅವರಿಗೆ ಮನೆ ಇದ್ದ ಹಾಗೆ. ಕೆಂಪು ಬಟ್ಟೆಯಲ್ಲಿ ಕಟ್ಟಿದ ಕಡತಗಳ ನಡುವೆ ಅರ್ಧ ಆಯಸ್ಸು ಕಳೆದಿದ್ದಾರೆ. ಬಾವಲಿ ನೋಡಿ ಬೇಜಾರಾಗಿದ್ದ ಮನುಷ್ಯ ಇಲ್ಲಿ ಗಾಜಿಗೆ ಮೂಗು ತಾಗಿಸಿಕೊಂಡು ನಿಂತುಬಿಟ್ಟರು. ಬಹಳ ಹೊತ್ತಾದ ಮೇಲೆ, "ಗೆದ್ದಲು ಹಿಡಿಯಲ್ವೇನೋ?" ಅಂತ ಕೇಳಿದರು. ಆಮೇಲೆ, ಸ್ವಲ್ಪ ತಡೆದು, ಇನ್ನೊಂದು ಮಾತು ಹೇಳಿದರು. ಇಷ್ಟುದ್ದ ಬರೆಯುತ್ತಿರುವುದು ಆ ಮಾತಿನಿಂದಾಗಿಯೇ.

"ಟಿಪ್ಪಣಿ ಹಾಳೇಲಿ ಇರೋದು ಸಾಹೇಬ್ರು ಹೇಳಿದ್ದಲ್ಲ ಕಣೋ. ಅವ್ರು ಹೇಳಿದ್ದನ್ನ ನಾವು ಕಡತಕ್ಕೆ ಒಗ್ಗೋ ಹಾಗೆ ಬರ್ದಿದ್ದು."

ಈ ಲೈಬ್ರರಿಯ ಉದ್ಘಾಟನೆ ಆಗಿದ್ದು 1971ರ ಮೇ 22ರಂದು. ಅವತ್ತು ಜಾನ್ಸನ್ ಮಾಡಿದ ಭಾಷಣದಲ್ಲಿ ಒಂದು ಮಾತಿದೆ, ಈಗಲೂ ಎಲ್ಲರೂ ಎತ್ತಿ ಹೇಳುತ್ತಾರೆ. ನಮ್ಮ ಕಾಲದ ಕಥೆ ಪೂರ್ತಿ ಇಲ್ಲಿದೆ, ತೊಗಟೆ ಸುಲಿದು ಇಟ್ಟಿದ್ದೇವೆ ಅಂದ. ನಮ್ಮ ತಪ್ಪು, ನಮ್ಮ ಮೇಲಿನ ಟೀಕೆ, ಕೆಟ್ಟದ್ದು, ಕೇಳೋಕೆ ಹಿತವಲ್ಲದ್ದು ಯಾವುದನ್ನೂ ಬಿಟ್ಟಿಲ್ಲ ಅಂತಲೂ ಅಂದ. ಕೇಳೋಕೆ ಚೆನ್ನಾಗಿದೆ. ಆದರೆ ಆ ಮಾತು ಆಡುತ್ತಿರುವಾಗ ಆತನ ಕಥೆಯ ಅತಿ ಮುಖ್ಯ ಭಾಗವೊಂದು ಆ ಕೆಂಪು ಡಬ್ಬಗಳಲ್ಲಿ ಇರಲೇ ಇಲ್ಲ. ಅದು ಮಿಲ್ಡ್ರೆಡ್ ಸ್ಟೆಗಾಲ್ ಅನ್ನುವ, ಜಾನ್ಸನ್‌ಗೆ ತುಂಬಾ ನಂಬಿಕೆಯ ಸಹಾಯಕಿಯ ಸುಪರ್ದಿನಲ್ಲಿತ್ತು. ಆತ ವೈಟ್ ಹೌಸ್‌ನಲ್ಲಿ ಕೂತು ರೆಕಾರ್ಡ್ ಮಾಡಿಕೊಂಡಿದ್ದ ಫೋನ್ ಮಾತುಗಳು. 600 ಗಂಟೆಗೂ ಜಾಸ್ತಿ.

1973ರ ಜನವರಿ 22ಕ್ಕೆ ಜಾನ್ಸನ್ ತೀರಿಹೋದ. ಒಂದು ವಾರಕ್ಕೆ ಸರಿಯಾಗಿ, ಜನವರಿ 29ಕ್ಕೆ, ಸ್ಟೆಗಾಲ್ ಅದನ್ನೆಲ್ಲ ಲೈಬ್ರರಿಗೆ ಒಪ್ಪಿಸಿದಳು. ಜೊತೆಗೆ ಜಾನ್ಸನ್‌ನ ಷರತ್ತು: ನಾನು ಸತ್ತು 50 ವರ್ಷ ಆಗುವವರೆಗೆ ತೆಗೆಯಬೇಡಿ. ಅಂದರೆ 2023ರವರೆಗೆ. ಆಗಲೂ ಲೈಬ್ರರಿ ನಿರ್ದೇಶಕರು, ದೇಶದ ಮುಖ್ಯ ದಾಖಲೆ ಅಧಿಕಾರಿ ಕೇಳಿ ನೋಡಿ, ಬೇಕಾದರೆ ಮತ್ತೆ ಮುಚ್ಚಿಡಬಹುದು. ಹಾಗೆ ಹೇಳುವ ಹಕ್ಕು ಆತನಿಗೆ ಇತ್ತು. ಆಗೆಲ್ಲ ಅಧ್ಯಕ್ಷನ ಕಾಗದಪತ್ರ ಅಂದರೆ ಅಧ್ಯಕ್ಷನ ಸ್ವಂತ ಆಸ್ತಿ. ಬೇಕಾದರೆ ದಾನ ಕೊಡಬಹುದು, ಬೇಡವಾದರೆ ಸುಡಬಹುದು. ಜಾನ್ಸನ್ ಆದ ಮೇಲೆ ಬಂದ ಅಧ್ಯಕ್ಷ ನಿಕ್ಸನ್‌ನ ಟೇಪುಗಳ ರಾದ್ಧಾಂತ ಆದ ಮೇಲೆ 1978ರಲ್ಲಿ ಕಾನೂನು ಬಂದು, 1981ರಿಂದ ಈಚಿನ ಅಧ್ಯಕ್ಷರ ದಾಖಲೆಗಳು ಜನರ ಆಸ್ತಿ ಆದವು.

ಈ ರೆಕಾರ್ಡಿಂಗ್ ಹೇಗೆ ಆಗುತ್ತಿತ್ತು ಅನ್ನೋದು ಮಜವಾಗಿದೆ. ಡಿಕ್ಟಾಬೆಲ್ಟ್ ಅಂತ ಒಂದು ಮಶೀನು. ಪ್ಲಾಸ್ಟಿಕ್‌ನ ಒಂದು ಪಟ್ಟಿ, ಬಳೆಯ ಹಾಗೆ ಸುತ್ತಿರುತ್ತದೆ, ಅದರ ಮೇಲೆ ಸೂಜಿ ಗೀಚುತ್ತಾ ಹೋಗುತ್ತದೆ. ಆಫೀಸಿನಲ್ಲಿ ಪತ್ರ ಡಿಕ್ಟೇಟ್ ಮಾಡೋಕೆ ಅಂತ ಇದ್ದ ಸಾಮಾನು. ಜಾನ್ಸನ್ ಫೋನಿನಲ್ಲಿ ಮಾತಾಡುತ್ತಲೇ ಬೆರಳನ್ನು ಗಾಳಿಯಲ್ಲಿ ಗಿರಗಿರ ತಿರುಗಿಸಿದರೆ ಸೆಕ್ರೆಟರಿ ಮಶೀನ್ ಆನ್ ಮಾಡಬೇಕು. ಆ ಕಡೆ ಇರುವವನಿಗೆ ಇದ್ಯಾವುದೂ ಗೊತ್ತಿಲ್ಲ.

ಅಂದರೆ ಇಬ್ಬರು ಮಾತಾಡುತ್ತಿದ್ದಾರೆ, ಒಬ್ಬನಿಗೆ ಮಾತ್ರ ಮಶೀನು ಆನ್ ಆಗಿದೆ ಅಂತ ಗೊತ್ತು. ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಕೇಳಿದರೆ ಆ ಟೇಪುಗಳು ಬೇರೆಯೇ ಥರ ಕೇಳಿಸುತ್ತವೆ. 1963ರ ನವೆಂಬರ್ 29. ಅಧ್ಯಕ್ಷ ಕೆನಡಿಯ ಹತ್ಯೆ ಆಗಿ, ಉಪಾಧ್ಯಕ್ಷನಾಗಿದ್ದ ಜಾನ್ಸನ್ ಆ ಜಾಗಕ್ಕೆ ಬಂದು ಒಂದು ವಾರ. ತನಿಖೆಗೆ ಮುಖ್ಯ ನ್ಯಾಯಮೂರ್ತಿ ವಾರನ್ ಅವರ ಕೆಳಗೆ ಒಂದು ಸಮಿತಿ. ಸೆನೆಟರ್ ರಿಚರ್ಡ್ ರಸೆಲ್‌ಗೆ ವಾರನ್ ಅಂದರೆ ಆಗದು, ನಾನು ಬರಲ್ಲ ಅಂತ ಹಟ. ಜಾನ್ಸನ್‌ಗೆ ರಸೆಲ್ ಗುರು ಇದ್ದ ಹಾಗೆ. ಆದರೆ ಫೋನ್ ಮಾಡುವ ಹೊತ್ತಿಗೆ ಜಾನ್ಸನ್ ಅವನ ಹೆಸರನ್ನು ಆಗಲೇ ಪತ್ರಿಕೆಗಳಿಗೆ ಕೊಟ್ಟುಬಿಟ್ಟಿದ್ದಾನೆ! ಕೇಳುತ್ತಾ ಹೋದರೆ ಮುದುಕ ಗೊಣಗುವುದು, ಬೇಡುವುದು, ಕೊನೆಗೆ ಸೋಲುವುದು ಎಲ್ಲ ಕಿವಿಗೆ ಬೀಳುತ್ತದೆ. ಜಾನ್ಸನ್ ಒಂದು ನಿಮಿಷ ದೇಶಭಕ್ತಿ ಅನ್ನುತ್ತಾನೆ, ಇನ್ನೊಂದು ನಿಮಿಷ ಒಂದೇ ಗಂಟೆಯಲ್ಲಿ ನಾಲ್ಕು ಕೋಟಿ ಅಮೆರಿಕನ್ನರು ಸಾಯೋ ಯುದ್ಧ ಆಗಬಹುದು ಅನ್ನುತ್ತಾನೆ, ಮತ್ತೆ ಬೆಣ್ಣೆ ಹಚ್ಚುತ್ತಾನೆ. ಕಡತದಲ್ಲಿ ಇದು ಒಂದೇ ಸಾಲು: ಸಮಿತಿಯ ಸದಸ್ಯರು, ರಿಚರ್ಡ್ ರಸೆಲ್.

ಅಪ್ಪನಿಗೆ ಇದೆಲ್ಲ ನಾನು ಆಮೇಲೆ ಹೇಳಿದ್ದು. ಮ್ಯೂಸಿಯಮ್ಮಿನಲ್ಲಿ ಅಲ್ಲಲ್ಲಿ ಟೆಲಿಫೋನ್ ರಿಸೀವರ್ ಇಟ್ಟಿದ್ದಾರೆ, ಎತ್ತಿ ಕಿವಿಗೆ ಇಟ್ಟುಕೊಂಡರೆ ಜಾನ್ಸನ್ ಮಾತಾಡುತ್ತಾನೆ. ಅಪ್ಪ ಒಂದನ್ನು ಎತ್ತಿ, ಅಭ್ಯಾಸಬಲಕ್ಕೆ "ಹಲೋ" ಅಂದುಬಿಟ್ಟರು. ಪಕ್ಕದಲ್ಲಿದ್ದ ಅಜ್ಜಿಯೊಬ್ಬಳು ನಕ್ಕಳು. ಅಪ್ಪನೂ ನಕ್ಕರು. ಟೆಕ್ಸಸ್ ಇಂಗ್ಲಿಷ್ ಅವರಿಗೆ ಒಂದಕ್ಷರ ಅರ್ಥ ಆಗಲಿಲ್ಲ. ಆದರೆ ಇಳಿಸುವಾಗ, "ಈ ಮನುಷ್ಯ ಯಾರದ್ದೋ ಹತ್ರ ಏನೋ ಕಿತ್ಕೊಳ್ತಾ ಇದಾನೆ" ಅಂದರು. ಸರಿಯಾಗಿಯೇ ಇತ್ತು.

ಮನೆಗೆ ಬಂದ ಮೇಲೆ ನನಗೆ ಹುಚ್ಚು ಹಿಡಿಯಿತು. ಟೇಪುಗಳೆಲ್ಲ ಈಗ ಇಂಟರ್ನೆಟ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಐವತ್ತು ವರ್ಷ ಕಾಯಲಿಲ್ಲ ಯಾಕೆ ಅಂದರೆ, 1990ರ ಹೊತ್ತಿಗೆ ಲೈಬ್ರರಿ ನಿರ್ದೇಶಕ ಹ್ಯಾರಿ ಮಿಡಲ್ಟನ್‌ಗೆ ಆ ಪ್ಲಾಸ್ಟಿಕ್ ಪಟ್ಟಿಗಳು ಹಾಳಾಗುತ್ತಿವೆ ಅನ್ನುವ ಭಯ ಬಂತು. 2023ಕ್ಕೆ ಪೆಟ್ಟಿಗೆ ತೆಗೆದರೆ ಒಳಗೆ ಬರೀ ಕರಕರ ಸದ್ದು ಸಿಕ್ಕರೆ? ಜಾನ್ಸನ್ ಹೆಂಡತಿ ಲೇಡಿ ಬರ್ಡ್ ಒಪ್ಪಿದಳು. ಕೆನಡಿ ಹತ್ಯೆಯ ದಾಖಲೆಗಳನ್ನು ಬಿಚ್ಚಿಡಬೇಕು ಅಂತ 1992ರಲ್ಲಿ ಬಂದ ಕಾನೂನೂ ಸೇರಿಕೊಂಡಿತು. 1993ರಲ್ಲಿ ಮೊದಲ ಕಂತು ಹೊರಬಂತು. ಫೋನ್ ಮಾತುಗಳು ಪೂರ್ತಿ ಮುಗಿದಿದ್ದು 2008ರಲ್ಲಿ.

ರಾತ್ರಿ ಪಾತ್ರೆ ತೊಳೆಯುವಾಗ ಕಿವಿಗೆ ಹಾಕಿಕೊಂಡು ಕೇಳತೊಡಗಿದೆ. ಎಲ್ಲರೂ ಮೊದಲು ಕೇಳುವುದು ಪ್ಯಾಂಟಿನ ಕರೆ. ನಾನೂ ಅದನ್ನೇ ಕೇಳಿದ್ದು. 1964ರ ಆಗಸ್ಟ್ 9. ಅಧ್ಯಕ್ಷ ಡಲ್ಲಾಸ್‌ನ ಬಟ್ಟೆ ಕಂಪನಿಯ ಜೋ ಹ್ಯಾಗರ್‌ಗೆ ಫೋನ್ ಮಾಡಿ ಬೇಸಿಗೆಗೆ ಹಗುರ ಪ್ಯಾಂಟು ಬೇಕು ಅನ್ನುತ್ತಾನೆ. ಜೇಬು ಒಂದು ಇಂಚು ಉದ್ದ ಇರಲಿ, ಕೂತರೆ ದುಡ್ಡು, ಚಾಕು ಎಲ್ಲ ಬಿದ್ದುಹೋಗುತ್ತೆ. ನನ್ನ ತೂಕ ತಿಂಗಳಿಗೆ ಹತ್ತು ಹದಿನೈದು ಪೌಂಡ್ ಹೆಚ್ಚು ಕಮ್ಮಿ ಆಗುತ್ತೆ, ಸೊಂಟದಲ್ಲಿ ಬಿಚ್ಚೋಕೆ ಬಟ್ಟೆ ಬಿಡಿ. ಆಮೇಲೆ ಕಾಲಿನ ಸಂದಿ ಬಿಗಿ ಆಗುತ್ತೆ, ತಂತಿ ಬೇಲಿ ಮೇಲೆ ಸವಾರಿ ಮಾಡಿದ ಹಾಗೆ ಆಗುತ್ತೆ ಅಂತ ಅಂಗಾಂಗಗಳ ಹೆಸರು ಹಿಡಿದೇ ವಿವರಿಸುತ್ತಾನೆ, ನಡುವೆ ಗಟ್ಟಿಯಾಗಿ ತೇಗುತ್ತಾನೆ, ಆ ಕಡೆಯಿಂದ ಪಾಪದ ಹ್ಯಾಗರ್ 'ಸರಿ ಸಾರ್, ಆಯ್ತು ಸಾರ್' ಅನ್ನುವ ಧಾಟಿಯಲ್ಲಿ ಹೂಂಗುಟ್ಟುತ್ತಾನೆ.

ನಾನು ನಗುತ್ತಾ ನಗುತ್ತಾ ಲೋಟ ಬೀಳಿಸಿದೆ. ಮಾರನೇ ದಿನ ತಾರೀಖು ನೋಡಿದೆ. ಆಗಸ್ಟ್ 7ಕ್ಕೆ ಅಮೆರಿಕದ ಸಂಸತ್ತು ಟಾಂಕಿನ್ ಕೊಲ್ಲಿಯ ನಿರ್ಣಯ ಪಾಸ್ ಮಾಡಿತ್ತು. ವಿಯೆಟ್ನಾಂನಲ್ಲಿ ಏನು ಬೇಕಾದರೂ ಮಾಡಲು ಅಧ್ಯಕ್ಷನಿಗೆ ಕೈ ಬಿಟ್ಟುಕೊಟ್ಟ ಕಾಗದ ಅದು. ಆಗಸ್ಟ್ 10ಕ್ಕೆ ಜಾನ್ಸನ್ ಅದಕ್ಕೆ ಸಹಿ ಹಾಕಿದ. ನಡುವಿನ ದಿನ ಪ್ಯಾಂಟು.

ಇದರಲ್ಲಿ ಏನೋ ದೊಡ್ಡ ಅರ್ಥ ಇದೆ ಅಂತ ನಾನು ಹೇಳಲ್ಲ. ಯುದ್ಧ ಮಾಡುವವನಿಗೂ ಪ್ಯಾಂಟು ಬೇಕು. ಆದರೆ ಎರಡೂವರೆ ತಿಂಗಳು ಹಿಂದಕ್ಕೆ ಹೋಗಿ ಮೇ 27ರ ಕರೆಗಳನ್ನು ಕೇಳಿದರೆ ಹೊಟ್ಟೆ ತೊಳಸುತ್ತದೆ. ಅವತ್ತು ಬೆಳಗ್ಗೆ ಅದೇ ರಸೆಲ್ ಜೊತೆ, ಆಮೇಲೆ ಭದ್ರತಾ ಸಲಹೆಗಾರ ಮ್ಯಾಕ್‌ಜಾರ್ಜ್ ಬಂಡಿ ಜೊತೆ ಮಾತು. ವಿಯೆಟ್ನಾಂ ಕಾದಾಡೋಕೆ ಯೋಗ್ಯವಾದದ್ದು ಅಂತ ನನಗೆ ಅನಿಸುತ್ತಿಲ್ಲ, ಆದರೆ ಹೊರಗೆ ಬರೋಕೂ ಆಗುತ್ತೆ ಅನಿಸುತ್ತಿಲ್ಲ ಅನ್ನುತ್ತಾನೆ. ಬೆಳಗ್ಗೆ ನನ್ನ ಬಟ್ಟೆ ತೆಗೆದಿಡುತ್ತಿದ್ದ ಸಾರ್ಜೆಂಟ್‌ನ ನೋಡಿದೆ, ಅವನಿಗೆ ಆರು ಚಿಕ್ಕ ಚಿಕ್ಕ ಮಕ್ಕಳು, ಇಂಥವನನ್ನು ಯಾವ ಕರ್ಮಕ್ಕೆ ಅಲ್ಲಿಗೆ ಕಳಿಸಬೇಕು ಅಂತ ಬಂಡಿಯನ್ನು ಕೇಳುತ್ತಾನೆ. ಮಾರನೇ ವರ್ಷ ಮಾರ್ಚ್‌ನಲ್ಲಿ ಅಮೆರಿಕದ ಸೈನಿಕರು ವಿಯೆಟ್ನಾಂನ ದಾ ನಾಂಗ್‌ನಲ್ಲಿ ಇಳಿದರು. 1968ರ ಹೊತ್ತಿಗೆ ಅಲ್ಲಿದ್ದವರು ಐದು ಲಕ್ಷಕ್ಕೂ ಜಾಸ್ತಿ. ಯುದ್ಧ ಮುಗಿಯುವ ಹೊತ್ತಿಗೆ ಸತ್ತ ಅಮೆರಿಕನ್ನರೇ 58 ಸಾವಿರ ಮೀರಿದರು, ಸತ್ತ ವಿಯೆಟ್ನಾಮಿಗರ ಲೆಕ್ಕ ಅದಕ್ಕಿಂತ ಎಷ್ಟೋ ಪಟ್ಟು. ಈ ಟೇಪು ಇಲ್ಲದಿದ್ದರೆ ನಾವು 'ಪಾಪ, ಆತನಿಗೆ ಗೊತ್ತಾಗಲಿಲ್ಲ' ಅನ್ನಬಹುದಿತ್ತು. ಗೊತ್ತಿತ್ತು. ನನಗೆ ಆತನ ಮೇಲೆ ಇದ್ದ ಕನಿಕರ ಜಾಸ್ತಿಯೂ ಆಯ್ತು, ಕಮ್ಮಿಯೂ ಆಯ್ತು.

ಟೇಪು ಇದ್ದ ಮಾತ್ರಕ್ಕೆ ಎಲ್ಲ ನಿಕ್ಕಿ ಆಗುತ್ತೆ ಅಂತಲೂ ಅಲ್ಲ. ಸದ್ದು ಕೇಳಿ ಬರೆದುಕೊಳ್ಳೋದು ಕಷ್ಟದ ಕೆಲಸ. ಒಂದು ಕಡೆ ಜಾನ್ಸನ್, ಹೊರಗೆ 'ಪಾಕಿಸ್ತಾನ್ ಅಂಬಾಸಡರ್' ಕಾಯ್ತಿದ್ದಾರೆ ಅಂದಿದ್ದನ್ನು, 'ಪ್ಯಾಕ್ ಆಫ್ ದೆಮ್ ಬಾಸ್ಟರ್ಡ್ಸ್' ಕಾಯ್ತಿದ್ದಾರೆ ಅಂತ ಬರೆದಿಟ್ಟರು. ಆತನ ಬಾಯಿ ಗೊತ್ತಿದ್ದವರು ಯಾರೂ ಅನುಮಾನ ಪಡಲಿಲ್ಲ ನೋಡಿ!

ಟೇಪು ಒಂದು ದಾರಿ ಆದರೆ, ಇನ್ನೊಂದು ದಾರಿ ಬಾಯಿಮಾತಿನ ನೆನಪುಗಳು. 1968ರಲ್ಲಿ, ಜಾನ್ಸನ್ ಇನ್ನೂ ಅಧಿಕಾರದಲ್ಲಿ ಇರುವಾಗಲೇ, ಟೆಕ್ಸಸ್ ಯೂನಿವರ್ಸಿಟಿಯ ಇತಿಹಾಸ ಮೇಷ್ಟ್ರು ಜೋ ಫ್ರಾಂಟ್ಸ್ ಮುಂದಾಳತ್ವದಲ್ಲಿ ಈ ಕೆಲಸ ಶುರುವಾಯಿತು. ಮಂತ್ರಿಗಳು, ಸೆನೆಟರ್‌ಗಳು, ಹಳೇ ಗೆಳೆಯರು, ಸೆಕ್ರೆಟರಿಗಳು, ಎಲ್ಲರ ಹತ್ತಿರ ಹೋಗಿ ಟೇಪ್ ರೆಕಾರ್ಡರ್ ಇಟ್ಟು ಮಾತಾಡಿಸುವುದು. ಇಲ್ಲಿ ಮಶೀನು ಆನ್ ಆಗಿದೆ ಅಂತ ಇಬ್ಬರಿಗೂ ಗೊತ್ತು. ಬರೆದ ಮೇಲೆ ಪ್ರತಿಯನ್ನು ಮಾತಾಡಿದವರಿಗೆ ಕಳಿಸುತ್ತಾರೆ. ಬೇಡದ್ದನ್ನು ಹೊಡೆದುಹಾಕಬಹುದು. ಇಂತಿಷ್ಟು ವರ್ಷ ಮುಚ್ಚಿಡಿ ಅನ್ನಬಹುದು, ನಾನು ಬದುಕಿರುವವರೆಗೆ ಬೇಡ ಅನ್ನಬಹುದು. ಅದನ್ನೆಲ್ಲ ಬರೆದು ಸಹಿ ಹಾಕಿದ ದಾನಪತ್ರ ಇರುತ್ತದೆ.

ಹಾಗಾದರೆ ಅದು ಸುಳ್ಳಾ? ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ, ಟೇಪು ನಿಜ, ಇದು ಪಾಲಿಶ್ ಅಂತ. ಕೆನಡಿಯ ಹೆಂಡತಿ ಜಾಕ್ವೆಲಿನ್ ಕಥೆ ಗೊತ್ತಾದ ಮೇಲೆ ಅಷ್ಟು ಸುಲಭವಾಗಿ ಹೇಳೋಕೆ ಆಗುತ್ತಿಲ್ಲ.

ಜಾನ್ಸನ್ ಬಗ್ಗೆ ಜಾಕ್ವೆಲಿನ್ ಧ್ವನಿ ಮೂರು ಕಡೆ ಸಿಗುತ್ತದೆ. ಮೊದಲನೆಯದು 1963ರ ಡಿಸೆಂಬರ್ 2ರ ಫೋನ್. ಗಂಡ ಸತ್ತು ಹತ್ತು ದಿನ ಆಗಿದೆ, ಇನ್ನೂ ವೈಟ್ ಹೌಸ್‌ನಲ್ಲೇ ಇದ್ದಾಳೆ. ಜಾನ್ಸನ್ ಸಲುಗೆಯಿಂದ, ಸ್ವಲ್ಪ ಅತಿಯಾಗಿಯೇ, ಬಂದು ಹೋಗಮ್ಮ, ಬಂದು ಹೆಗಲ ಮೇಲೆ ಕೈ ಹಾಕು ಸಾಕು ಅನ್ನುತ್ತಾನೆ. ಆಕೆಯ ಧ್ವನಿ ಮೆತ್ತಗೆ, ಪಿಸುಮಾತಿನ ಹಾಗೆ. ನಗುತ್ತಾಳೆ ಕೂಡ. ಮಶೀನು ಓಡುತ್ತಿದೆ ಅಂತ ಆಕೆಗೆ ಗೊತ್ತಿಲ್ಲ. ಎರಡನೆಯದು 1964ರದ್ದು. ಆರ್ಥರ್ ಶ್ಲೆಸಿಂಗರ್ ಅನ್ನುವ ಇತಿಹಾಸಕಾರ ಆಕೆಯನ್ನು ಕೂರಿಸಿಕೊಂಡು ಎಂಟು ಗಂಟೆಗೂ ಜಾಸ್ತಿ ರೆಕಾರ್ಡ್ ಮಾಡಿದ್ದು. ಅದನ್ನು ಮುಚ್ಚಿಟ್ಟು, ಮಗಳು ಕ್ಯಾರೊಲಿನ್ 2011ರಲ್ಲಿ ಹೊರಗೆ ತಂದಳು. ಅದರಲ್ಲಿ ಜಾನ್ಸನ್ ಬಗ್ಗೆ ಒಳ್ಳೆ ಮಾತೇ ಇಲ್ಲ ಅನ್ನಬೇಕು. ಲಿಂಡನ್ ಅಧ್ಯಕ್ಷ ಆದರೆ ಈ ದೇಶದ ಗತಿ ಏನು ಅಂತ ಕೆನಡಿ ಹೇಳುತ್ತಿದ್ದ ಅಂತ ಹೇಳುತ್ತಾಳೆ. (ನಮ್ಮ ಇಂದಿರಾ ಗಾಂಧಿಯವರನ್ನೂ ಬಿಟ್ಟಿಲ್ಲ. ಒಣಗಿ ಮುದುಡಿದ ಹಣ್ಣಿನಂಥವಳು, ಕಹಿ ಹೆಂಗಸು ಅಂದಿದ್ದಾಳೆ. 2011ರಲ್ಲಿ ನಮ್ಮ ಪತ್ರಿಕೆಗಳಿಗೆ ಅದೇ ಸುದ್ದಿ.) ಮೂರನೆಯದು 1974ರ ಜನವರಿಯದ್ದು. ಜಾನ್ಸನ್ ಸತ್ತು ಹತ್ತಿರಹತ್ತಿರ ಒಂದು ವರ್ಷ. ಫ್ರಾಂಟ್ಸ್ ಮೇಷ್ಟ್ರು ನ್ಯೂಯಾರ್ಕಿಗೆ ಹೋಗಿ, ಇದೇ ಆಸ್ಟಿನ್ ಲೈಬ್ರರಿಗೋಸ್ಕರ ಆಕೆಯನ್ನು ಮಾತಾಡಿಸುತ್ತಾರೆ. ಅಲ್ಲಿ ಆಕೆ ಜಾನ್ಸನ್ ತೋರಿಸಿದ ದಯೆಯನ್ನು ನೆನೆಯುತ್ತಾಳೆ. ಗಂಡ ಸತ್ತ ದಿನ ರಾತ್ರಿಯೇ ಆತ ಆಕೆಯ ಎರಡು ಮಕ್ಕಳಿಗೂ ಒಂದೊಂದು ಪತ್ರ ಬರೆದಿದ್ದ. ಅಧ್ಯಕ್ಷನಾಗಿ ಆತ ಬರೆದ ಮೊದಲ ಪತ್ರಗಳು ಅವು.

ಒಬ್ಬಳೇ ಹೆಂಗಸು, ಒಬ್ಬನೇ ಗಂಡಸು, ಮೂರು ಮಶೀನು. ಯಾವುದು ನಿಜ? ನಾನು ಪಾತ್ರೆ ತೊಳೆಯುತ್ತಾ ಬಹಳ ಯೋಚನೆ ಮಾಡಿದ್ದೀನಿ. ನನಗೆ ಅನಿಸೋದು, ಮೂರೂ ನಿಜ. ಫೋನಿನಲ್ಲಿ ಇದ್ದದ್ದು ಮರ್ಯಾದೆ, 1964ರದ್ದು ಹಸಿ ಗಾಯ, 1974ರದ್ದು ಹತ್ತು ವರ್ಷದ ಮೇಲೆ ಉಳಿದದ್ದು. ಗುಟ್ಟಾಗಿ ಹಿಡಿದ ಮಾತೇ ಅಸಲಿ, ಗೊತ್ತಿದ್ದು ಆಡಿದ ಮಾತು ನಾಟಕ ಅನ್ನೋ ಲೆಕ್ಕ ಇಲ್ಲಿ ತಲೆಕೆಳಗಾಗುತ್ತದೆ. ಗೊತ್ತಿಲ್ಲದೆ ಸಿಕ್ಕ ಮಾತೇ ಇಲ್ಲಿ ಎಲ್ಲಕ್ಕಿಂತ ಪಾಲಿಶ್ ಆದ ಮಾತು, ಅಲ್ವಾ?

ನಾಲ್ಕನೇ ಥರದ್ದೂ ಒಂದಿದೆ. ಲೇಡಿ ಬರ್ಡ್ ಒಬ್ಬಳೇ ಕೂತು ಮಶೀನಿಗೆ ಹೇಳಿದ್ದು. 1963ರ ನವೆಂಬರ್ 30ಕ್ಕೆ ಶುರು ಮಾಡಿ, ವೈಟ್ ಹೌಸ್ ಬಿಡುವವರೆಗೂ ದಿನಚರಿ ಬರೆಯುವ ಬದಲು ಮಾತಾಡಿ ಇಟ್ಟಳು. ಒಟ್ಟು 123 ಗಂಟೆ. ಸ್ವಲ್ಪ ಭಾಗ 1970ರಲ್ಲಿ ಪುಸ್ತಕ ಆಯಿತು, ಪೂರ್ತಿ ಧ್ವನಿ ಸಿಕ್ಕಿದ್ದು 2007ರಲ್ಲಿ ಆಕೆ ಹೋದ ಮೇಲೆ. ಡಲ್ಲಾಸ್‌ನಲ್ಲಿ ಕೆನಡಿಗೆ ಗುಂಡು ಬಿದ್ದ ದಿನದ ಕಥೆಯನ್ನು ಎಷ್ಟು ಚೆನ್ನಾಗಿ ಶುರುವಾಗಿತ್ತು ಆ ದಿನ ಅಂತ ಆರಂಭಿಸುತ್ತಾಳೆ. ಆಸ್ಪತ್ರೆ ಮುಂದೆ ತಿರುಗಿ ನೋಡಿದಾಗ ಕೆನಡಿ ಕಾರಿನ ಹಿಂದಿನ ಸೀಟಿನಲ್ಲಿ ಗುಲಾಬಿ ಬಣ್ಣದ ಒಂದು ಗಂಟು, ಉದುರಿದ ಹೂವಿನ ರಾಶಿಯ ಹಾಗೆ. ಅದು ಗಂಡನ ಮೇಲೆ ಬಗ್ಗಿ ಮಲಗಿದ್ದ ಜಾಕ್ವೆಲಿನ್. ಆ ಒಂದು ವಾಕ್ಯಕ್ಕೆ ನಾನು ನಲ್ಲಿ ನಿಲ್ಲಿಸಿದೆ.

ಆಕೆ ಗಂಡನ ಟೇಪಿನಲ್ಲೂ ಬರುತ್ತಾಳೆ. 1964ರ ಮಾರ್ಚ್ 7, ಪತ್ರಿಕಾಗೋಷ್ಠಿ ಮುಗಿದಿದೆ. ನನ್ನ ವಿಮರ್ಶೆ ಈಗ ಒಂದು ನಿಮಿಷ ಕೇಳ್ತೀರಾ, ರಾತ್ರಿ ಹೇಳಲಾ ಅಂತ ಕೇಳುತ್ತಾಳೆ. ಈಗಲೇ ಹೇಳು ಅನ್ನುತ್ತಾನೆ. ಆಕೆ ಮೇಷ್ಟರ ಹಾಗೆ ಒಂದೊಂದೇ ಹೇಳುತ್ತಾಳೆ, ಅತಿ ವೇಗ, ಕೆಳಗೆ ನೋಡಿದ್ದು ಜಾಸ್ತಿ, ಕೊನೆಗೆ ಬಿ ಪ್ಲಸ್ ಕೊಡುತ್ತಾಳೆ. ಸೆನೆಟರ್‌ಗಳನ್ನು ಹಿಂಡಿ ಹಾಕುವ ಮನುಷ್ಯ ಇಲ್ಲಿ ತೆಪ್ಪಗಿರುತ್ತಾನೆ. ನಾಲ್ಕು ವರ್ಷದ ಮೇಲೆ, 1968ರ ಮಾರ್ಚ್ 31ರ ರಾತ್ರಿ, ಮತ್ತೆ ಚುನಾವಣೆಗೆ ನಿಲ್ಲಲ್ಲ ಅಂತ ಟಿವಿಯಲ್ಲಿ ಹೇಳುವುದಕ್ಕೆ ಮುಂಚೆಯೂ ಹತ್ತಿರ ಹೋಗಿ, ನೆನಪಿರಲಿ, ತಡೆದು ತಡೆದು ಮಾತಾಡಿ, ನಾಟಕ ಇರಲಿ ಅಂದಳಂತೆ. ಇದು ಆಕೆಯ ದಿನಚರಿಯಲ್ಲಿದೆ.

ಬಾಯಿಮಾತಿನ ನೆನಪುಗಳಲ್ಲಿ ನನಗೆ ಅಚ್ಚುಮೆಚ್ಚು ಅಂದರೆ ಅಡುಗೆಯವಳು ಜೆಫಿರ್ ರೈಟ್. ಟೆಕ್ಸಸ್‌ನ ಕಪ್ಪು ಹೆಣ್ಣುಮಗಳು, 1942ರಲ್ಲಿ ಲೇಡಿ ಬರ್ಡ್ ಕೆಲಸಕ್ಕೆ ಕರೆದುಕೊಂಡು ಬಂದಿದ್ದು. ವಾಷಿಂಗ್ಟನ್‌ನಿಂದ ಟೆಕ್ಸಸ್‌ಗೆ ಕಾರಿನಲ್ಲಿ ಹೋಗುವಾಗ ದಾರಿಯಲ್ಲಿ ಹೋಟೆಲಿಲ್ಲ, ಮೂತ್ರಕ್ಕೆ ಹೋಗಲು ಜಾಗವಿಲ್ಲ, ಎಲ್ಲ ಬಿಳಿಯರಿಗೆ. ಕೊನೆಗೆ ಆಕೆ ಆ ಪ್ರಯಾಣವನ್ನೇ ಬಿಟ್ಟಳು. ಜಾನ್ಸನ್ ಈ ಕಥೆಯನ್ನು ಸೆನೆಟರ್‌ಗಳಿಗೆ ಹೇಳಿ ಹೇಳಿ ನಾಗರಿಕ ಹಕ್ಕಿನ ಕಾನೂನಿಗೆ ಒತ್ತಾಯ ಮಾಡುತ್ತಿದ್ದ. 1964ರ ಜುಲೈ 2ಕ್ಕೆ ಸಹಿ ಹಾಕಿದಾಗ ಒಂದು ಪೆನ್ನನ್ನು ಆಕೆಗೂ ಕೊಟ್ಟ. ಆತನ ಬಾಯಲ್ಲಿ ಆಕೆ ಒಂದು ಉದಾಹರಣೆ. ಆದರೆ ಲೈಬ್ರರಿಯವರು 1974ರಲ್ಲಿ ಆಕೆಯ ಮುಂದೆಯೂ ಟೇಪ್ ಇಟ್ಟು, ಮಂತ್ರಿಗಳನ್ನು ಕೇಳಿದ ಹಾಗೆಯೇ ಕೇಳಿದರು. ನನಗೆ ಅದು ದೊಡ್ಡದಾಗಿ ಕಾಣುತ್ತದೆ. ಆಕೆ ಅಧ್ಯಕ್ಷನಿಗೆ ಬರೆದಿಟ್ಟಿದ್ದ ಒಂದು ಚೀಟಿಯೂ ಉಳಿದಿದೆ. ಇಷ್ಟು ವರ್ಷ ನೀವು ನನ್ನ ಬಾಸ್, ತೂಕ ಇಳಿಸಬೇಕು ಅಂತೀರಿ, ಏನೂ ಮಾಡಲ್ಲ. ಇನ್ನು ನಾನೇ ಬಾಸ್. ಮುಂದೆ ಇಟ್ಟಿದ್ದು ತಿನ್ನಿ, ಇನ್ನೂ ಬೇಕು ಅನ್ನಬೇಡಿ, ಗೊಣಗಬೇಡಿ. 4.5 ಕೋಟಿ ಪುಟದಲ್ಲಿ ಒಂದೇ ಒಂದು ಪುಟ ಕೊಡ್ತೀವಿ ಅಂದರೆ ನಾನು ಕೇಳೋದು ಅದನ್ನೇ.

ಇನ್ನು ಗೋಧಿ ವಿಷಯ. ಗಾಜಿನ ಮುಂದೆ ನಿಂತಾಗಲೇ ಅಪ್ಪ ಕೇಳಿದ್ದರು, "ಇದ್ರಲ್ಲಿ ನಮ್ ಉಪ್ಪಿಟ್ಟಿನ ಫೈಲ್ ಎಲ್ಲಿದೆ?"

ತಮಾಷೆಗೆ ಕೇಳಿದ್ದಲ್ಲ. ಅಪ್ಪ ಹುಟ್ಟಿದ್ದು 1956ರಲ್ಲಿ, ಅರಸೀಕೆರೆ ಕಡೆಯ ಹಳ್ಳಿ. ಆಗಿನ ಮೈಸೂರು ರಾಜ್ಯದ ಎಷ್ಟೋ ಶಾಲೆಗಳಲ್ಲಿ ಮಧ್ಯಾಹ್ನ ಅಮೆರಿಕದ ಉಪ್ಪಿಟ್ಟು ಕೊಡುತ್ತಿದ್ದರು. ಕೇರ್ ಅನ್ನುವ ನೆರವು ಸಂಸ್ಥೆಯಿಂದಾಗಿ ಕೇರ್ ಉಪ್ಪಿಟ್ಟು ಅಂತ ಹೆಸರು. ಎಣ್ಣೆ ಡಬ್ಬದ ಮೇಲೆ ಎರಡು ಕೈ ಕುಲುಕುವ ಚಿತ್ರ. ಡಬ್ಬ ಖಾಲಿ ಆದರೆ ಯಾರ ಮನೆಗೆ ಅನ್ನೋದೇ ಮೇಷ್ಟರುಗಳ ನಡುವೆ ದೊಡ್ಡ ರಾಜಕೀಯ ಆಗಿತ್ತಂತೆ.

ಫೈಲ್ ಇದೆ. ಬೇಕಾದಷ್ಟು ಇದೆ. 1954ರ ಪಿಎಲ್ 480 ಅನ್ನುವ ಕಾನೂನಿನಡಿ ಅಮೆರಿಕ ನಮಗೆ ಗೋಧಿ ಕೊಡುತ್ತಿತ್ತು, ನಾವು ರೂಪಾಯಿಯಲ್ಲಿ ದುಡ್ಡು ಕಟ್ಟುತ್ತಿದ್ದೆವು. ಶಾಲೆಯ ಉಪ್ಪಿಟ್ಟು ಅದೇ ಕಾನೂನಿನ ಬೇರೆ ಭಾಗ, ಅದು ದಾನ. 1965, 66ರಲ್ಲಿ ಸಾಲಾಗಿ ಮಳೆ ಕೈಕೊಟ್ಟಿತು. ಹಡಗಿನಿಂದ ಇಳಿದದ್ದು ನೇರ ಬಾಯಿಗೆ ಅನ್ನೋ ಸ್ಥಿತಿ. ಸೋಮವಾರ ರಾತ್ರಿ ಊಟ ಬಿಡಿ ಅಂತ ಶಾಸ್ತ್ರಿಯವರು ಕೇಳಿಕೊಂಡ ಕಾಲ. ಸರಿಯಾಗಿ ಆಗಲೇ ಜಾನ್ಸನ್ ವರ್ಷಗಟ್ಟಲೆಯ ಒಪ್ಪಂದ ನಿಲ್ಲಿಸಿ, ಒಂದೆರಡು ತಿಂಗಳಿಗೆ ಆಗುವಷ್ಟು ಮಾತ್ರ ಬಿಡತೊಡಗಿದ. ಹಗ್ಗ ಗಿಡ್ಡ ಮಾಡಿ ಗೂಟಕ್ಕೆ ಕಟ್ಟಿದ ಹಾಗೆ. ಅವರೂ ಅದಕ್ಕೆ ಗಿಡ್ಡ ಹಗ್ಗ ಅಂತಲೇ ಕರೆಯುತ್ತಿದ್ದರು.

ಕಾಗದದಲ್ಲಿ ಇರುವ ಕಾರಣ ಸರಿಯಾಗಿಯೇ ಇದೆ. ಭಾರತ ಬೇಸಾಯಕ್ಕೆ ದುಡ್ಡು ಹಾಕಲಿ, ಗೊಬ್ಬರ, ಒಳ್ಳೆ ಬೀಜ ತರಲಿ. 1965ರ ನವೆಂಬರ್‌ನಲ್ಲಿ ನಮ್ಮ ಕೃಷಿ ಮಂತ್ರಿ ಸಿ. ಸುಬ್ರಹ್ಮಣ್ಯಂ, ಅವರ ಕೃಷಿ ಮಂತ್ರಿ ಓರ್ವಿಲ್ ಫ್ರೀಮನ್ ರೋಮ್‌ನಲ್ಲಿ ಕೂತು ಗುಟ್ಟಾಗಿ ಒಪ್ಪಂದ ಮಾಡಿಕೊಂಡರು. ಸುಬ್ರಹ್ಮಣ್ಯಂಗೂ ಅದೇ ಬೇಕಿತ್ತು ಅನ್ನೋದು ಬೇರೆ ಮಾತು. ಆದರೆ ನಮ್ಮ ಕಡೆ ಎಷ್ಟೋ ಜನ ಅಂದುಕೊಂಡಿದ್ದು, ವಿಯೆಟ್ನಾಂ ಬಗ್ಗೆ ನಾವು ಆಡಿದ ಮಾತಿಗೆ ಇದು ಶಿಕ್ಷೆ ಅಂತ. ದೆಹಲಿಯಲ್ಲಿದ್ದ ಅಮೆರಿಕದ ರಾಯಭಾರಿ ಚೆಸ್ಟರ್ ಬೌಲ್ಸ್‌ಗೇ ಇದು ಕ್ರೂರ ಅನಿಸಿತ್ತು. ಜಾನ್ಸನ್ ಮಾತ್ರ ಭಾರತದಲ್ಲಿ ಎಲ್ಲಿ ಮಳೆ ಬಿತ್ತು, ಎಲ್ಲಿ ಬೀಳಲಿಲ್ಲ ಅನ್ನೋದು ನನಗೆ ಗೊತ್ತಿತ್ತು ಅಂತ ಹೆಮ್ಮೆಯಿಂದ ಹೇಳಿಕೊಂಡ. 1966ರ ಮಾರ್ಚ್‌ನಲ್ಲಿ ಇಂದಿರಾ ಗಾಂಧಿ ಹೋದಾಗ ಸಂತೋಷದಿಂದ ಉಪಚಾರ ಮಾಡಿದ, ನಮ್ಮ ರಾಯಭಾರಿ ಮನೆಗೆ ಸುಮ್ನೆ ಬಂದವನು ಊಟಕ್ಕೂ ಉಳಿದುಬಿಟ್ಟ. ಆ ವರ್ಷ ಅಮೆರಿಕದ ಗೋಧಿ ಬೆಳೆಯಲ್ಲಿ ಸುಮಾರು ಐದನೇ ಒಂದು ಪಾಲು ನಮ್ಮ ದೇಶಕ್ಕೆ ಬಂತು. ಕೊಟ್ಟಿದ್ದೂ ನಿಜ, ಆಡಿಸಿದ್ದೂ ನಿಜ.

ಇದನ್ನೆಲ್ಲ ಅಪ್ಪನಿಗೆ ಹೇಳಿದೆ. ಸುಮ್ಮನೆ ಕೇಳಿಸಿಕೊಂಡರು. ನನಗೆ ಹೊಳೆಯಿತು, ಆ ಕಡೆಯ ಧ್ವನಿ ಅಷ್ಟೊಂದಿದೆ, ಈ ಕಡೆಯದ್ದು? ಅಡುಗೆಮನೆ ಮೇಜಿನ ಮೇಲೆ ಫೋನ್ ಇಟ್ಟು, ರೆಕಾರ್ಡ್ ಒತ್ತಿ, "ಹೇಳಿ ಅಪ್ಪ, ಉಪ್ಪಿಟ್ಟಿನ ಕಥೆ" ಅಂದೆ.

ಅಪ್ಪ ಗಂಟಲು ಸರಿ ಮಾಡಿಕೊಂಡರು. ಅಂಗಿ ಗುಂಡಿ ಹಾಕಿಕೊಂಡರು, ಅದು ವಿಡಿಯೋ ಅಲ್ಲ ಅಂದರೂ ಕೇಳಲಿಲ್ಲ. ಆಮೇಲೆ, "ಆ ಕಾಲದಲ್ಲಿ ನಮ್ಮ ಶಾಲೆಯಲ್ಲಿ ವಿದ್ಯಾರ್ಥಿಗಳಿಗೆ ಮಧ್ಯಾಹ್ನದ ಉಪಾಹಾರದ ವ್ಯವಸ್ಥೆಯನ್ನು ಕಲ್ಪಿಸಲಾಗಿತ್ತು" ಅಂತ ಶುರು ಮಾಡಿದರು. ನನ್ನಪ್ಪ ಜೀವಮಾನದಲ್ಲಿ ಮನೆಯಲ್ಲಿ ಹಾಗೆ ಮಾತಾಡಿದವರಲ್ಲ. ಅದು ಟಿಪ್ಪಣಿ ಹಾಳೆಯ ಕನ್ನಡ. ಹನ್ನೊಂದು ನಿಮಿಷ ಹಾಗೇ ಹೋಯಿತು. ಮೇಷ್ಟರ ಹೆಸರು, ಹಿತ್ತಾಳೆ ಕೊಳಗ, ಮುತ್ತುಗದ ಎಲೆ, ಹಳದಿ ಬಣ್ಣ, ಒಂಥರಾ ವಾಸನೆ, ಎಲ್ಲ ಬಂತು. ಆದರೆ ಎಲ್ಲದಕ್ಕೂ ಇಸ್ತ್ರಿ ಹಾಕಿತ್ತು.

ನಾನು ರೆಕಾರ್ಡರ್ ಆಫ್ ಮಾಡಿ ಕಾಫಿಗೆ ಹಾಲಿಟ್ಟೆ. ಹಾಲು ಉಕ್ಕುವ ಹೊತ್ತಿಗೆ ಅಪ್ಪ ಬೆನ್ನ ಹಿಂದಿನಿಂದ, ಮಾಮೂಲಿ ಧ್ವನಿಯಲ್ಲಿ, ಇನ್ನೊಂದು ವಿಷಯ ಹೇಳಿದರು. ಉಪ್ಪಿಟ್ಟನ್ನು ಎಲೆಯಲ್ಲಿ ಕಟ್ಟಿಕೊಂಡು ಮನೆಗೆ ತಂದದ್ದು, ಅದನ್ನು ಅಜ್ಜಿ ಏನು ಮಾಡಿದರು ಅಂತ. ಎರಡೇ ನಿಮಿಷದ ಕಥೆ. ನಾನು ಸ್ಟವ್ ಆರಿಸಿ, ತಿರುಗಿ ನೋಡದೆ, ಜೇಬಿನಲ್ಲಿದ್ದ ಫೋನ್ ಮೇಲೆ ಕೈ ಇಟ್ಟೆ. ಒಂದು ಬೆರಳು ತಿರುಗಿಸಿದ್ದರೆ ಆಗುತ್ತಿತ್ತು. ಒತ್ತಲಿಲ್ಲ. ಅಪ್ಪನಿಗೆ ಅದು ಗೊತ್ತಾಯ್ತು ಅಂತ ಕಾಣುತ್ತದೆ.

"ಇದನ್ನ ಬರೀಬೇಡ. ಅಮ್ಮನ ವಿಷ್ಯ ಅದು."

"ಯಾವತ್ತೂ ಬೇಡ್ವಾ?"

ಅಪ್ಪ ಕಾಫಿ ಲೋಟ ಎರಡೂ ಕೈಯಲ್ಲಿ ಹಿಡಿದುಕೊಂಡು ಸ್ವಲ್ಪ ಹೊತ್ತು ಯೋಚನೆ ಮಾಡಿದರು. "ಆ ನಿನ್ ಜಾನ್ಸನ್ನು, ಎಷ್ಟು ವರ್ಷ ಅಂದಿದ್ನಂತೆ?"

"ಐವತ್ತು."

"ಅಷ್ಟೆಲ್ಲ ಬೇಡಪ್ಪ. ನಾನು ಹೋದ್ಮೇಲೆ ಬರ್ಕೋ."